ವಿಮಾನದ ಮೇಲಿನ ಅಕ್ಷರ ಅಂಗಡಿಯಿಂದಲೇ ಬರಬೇಕೇನು?



ಕಳೆದ ವರ್ಷ ಒಂದು ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಿಮಾನದ ಮಾದರಿ ಮಾಡಿಕೊಂಡು ಬಂದಿದ್ದ. ಥರ್ಮಾಕೋಲಿನ ಮೈ, ರಟ್ಟಿನ ರೆಕ್ಕೆ, ಮೇಲೆ ಹಳದಿ ಬಣ್ಣ. ಅಕ್ಷರ, ಗುರುತು ಎಲ್ಲವನ್ನೂ ಸ್ಕೆಚ್ ಪೆನ್ನಿನಿಂದ ತಾನೇ ಬರೆದಿದ್ದ. ಪಕ್ಕದ ಟೇಬಲ್ಲಿನಲ್ಲಿ ಇನ್ನೊಂದು ವಿಮಾನ ಇತ್ತು. ಅದು ಪೇಟೆಯಿಂದ ತಂದ ಕಿಟ್. ಜೋಡಿಸಿ, ಡಬ್ಬಿಯಲ್ಲೇ ಬಂದ ಸ್ಟಿಕ್ಕರ್ ಅಂಟಿಸಿದ್ದರು. ಮಿರಿಮಿರಿ ಮಿಂಚುತ್ತಿತ್ತು. ನಿರ್ಣಾಯಕರು ನಮ್ಮ ಹುಡುಗನ ಮಾದರಿ ನೋಡಿ, "ಅಕ್ಷರ ಕೈಯಿಂದ ಬರ್ದೀಯೇನು? ಸ್ಟಿಕ್ಕರ್ ಸಿಗಲಿಲ್ಲೇನು?" ಅಂದು ಮುಂದೆ ಹೋದರು. ಬಹುಮಾನ ಕಿಟ್‌ಗೆ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ ಕೇಳಿದ: "ಸರ, ನಾನೂ ಸ್ಟಿಕ್ಕರ್ ಹಚ್ಚಿದ್ರ ನಂಬರ್ ಬರ್ತಿತ್ತೇನ್ರಿ?"

ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ಮುಂದಿನ ಸಲ ನೋಡೋಣಪಾ" ಅಂತ ಹೇಳಿ ಸುಮ್ಮನಾದೆ. ಈಗ ಉತ್ತರ ಕೊಡ್ತೇನೆ. ಇದು ಅವನೊಬ್ಬನಿಗಲ್ಲ, ನಿಮಗೆಲ್ಲರಿಗೂ.

ನನ್ನ ಅಭಿಪ್ರಾಯ ಇಷ್ಟು: ಮಾದರಿ ವಿಮಾನದ ಮೇಲಿನ ಅಕ್ಷರ ಮತ್ತು ಗುರುತುಗಳನ್ನು ನೀವೇ ಮಾಡಬೇಕು. ರೊಕ್ಕ ಉಳಿಯುತ್ತದೆ ಅಂತ ಅಲ್ಲ. ಆ ಮಾದರಿಯಲ್ಲಿ ಇರುವ ವಿಜ್ಞಾನದ ಅರ್ಧ ಪಾಲು ಆ ಅಕ್ಷರಗಳಲ್ಲೇ ಇದೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳೋಣ. ನಿರ್ಣಾಯಕರ ಮಾತು ಪೂರ್ತಿ ಸುಳ್ಳಲ್ಲ. ಹುಡುಗನ ಅಕ್ಷರ ಸೊಟ್ಟ ಇದ್ದವು. ಒಂದು ದೊಡ್ಡದು, ಒಂದು ಸಣ್ಣದು. "ಕೈಯಿಂದ ಮಾಡಿದ್ದು" ಅನ್ನುವುದು ಸೊಟ್ಟ ಬರೆಯುವುದಕ್ಕೆ ನೆಪ ಆಗಬಾರದು. ಅದಕ್ಕಿಂತ ದೊಡ್ಡ ತಪ್ಪು ಒಂದಿತ್ತು. ಅದನ್ನು ನಿರ್ಣಾಯಕರೂ ನೋಡಲಿಲ್ಲ, ನಾನೂ ನೋಡಿರಲಿಲ್ಲ. ಮೈಮೇಲೆ 'ವಿಟಿ' ಅಂತ ಶುರುವಾಗುವ ನೋಂದಣಿ ಅಕ್ಷರ ಬರೆದಿದ್ದ, ಅದರ ಪಕ್ಕದಲ್ಲೇ ವಾಯುಪಡೆಯ ತ್ರಿವರ್ಣ ವೃತ್ತವನ್ನೂ ಬರೆದಿದ್ದ. ಎರಡೂ ಒಂದೇ ವಿಮಾನದ ಮೇಲೆ ಹೇಗೆ ಬರ್ತಾವ?

ನಮ್ಮ ಕುರುಂದವಾಡದ ರಸ್ತೆಯಲ್ಲಿ ಎಂಎಚ್-09 ಗಾಡಿಯೂ ಓಡುತ್ತದೆ, ಚಿಕ್ಕೋಡಿ ಕಡೆಯ ಕೆಎ-23 ಗಾಡಿಯೂ ಓಡುತ್ತದೆ. ನಂಬರ್ ಪ್ಲೇಟ್ ನೋಡಿದ ಕೂಡಲೇ ಗಾಡಿ ಎಲ್ಲಿಯದು ಅಂತ ನೀವು ಹೇಳ್ತೀರಿ. ವಿಮಾನಕ್ಕೂ ಹಾಗೇ. ಭಾರತದಲ್ಲಿ ನೋಂದಣಿ ಆದ ನಾಗರಿಕ ವಿಮಾನಕ್ಕೆ ಮೊದಲು 'ವಿಟಿ', ಆಮೇಲೆ ಒಂದು ಅಡ್ಡಗೆರೆ, ಆಮೇಲೆ ಮೂರು ಅಕ್ಷರ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದ ಪುಸ್ ಮಾತ್ ವಿಮಾನದ ಮೇಲೆ 'ವಿಟಿ-ಎಡಿಎನ್' ಅಂತ ಇತ್ತು. ಕೊಲ್ಲಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣದ ಕಡೆ ಹೋದರೆ ಇವತ್ತಿನ ವಿಮಾನಗಳ ಮೈಮೇಲೂ ಅದೇ 'ವಿಟಿ' ಹುಡುಕಿ ನೋಡಿರಿ. ವಾಯುಪಡೆಯ ವಿಮಾನಕ್ಕೆ ಈ 'ವಿಟಿ' ಇರುವುದಿಲ್ಲ. ಅದಕ್ಕೆ ವೃತ್ತಚಿಹ್ನೆ, ಬಾಲದ ಮೇಲೆ ಮೂರು ಬಣ್ಣದ ಪಟ್ಟಿ, ತನ್ನದೇ ಆದ ಕ್ರಮಸಂಖ್ಯೆ ಇರುತ್ತವೆ.

ವೃತ್ತ ಬರೀ ಅಲಂಕಾರ ಅಂತ ತಿಳೀಬ್ಯಾಡ್ರಿ. ಎರಡನೆಯ ಮಹಾಯುದ್ಧದಲ್ಲಿ ಈ ಭಾಗದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ವೃತ್ತದ ನಡುವೆ ಇದ್ದ ಕೆಂಪು ಬಣ್ಣವನ್ನೇ ತೆಗೆದುಹಾಕಿದ್ದರು. ಯಾಕೆ? ಜಪಾನಿನ ವಿಮಾನದ ಗುರುತು ಒಂದು ಕೆಂಪು ವೃತ್ತ. ದೂರದಿಂದ ಕೆಂಪು ಕಂಡರೆ ನಮ್ಮವರೇ ನಮ್ಮ ವಿಮಾನಕ್ಕೆ ಗುಂಡು ಹೊಡೆಯುವ ಅಪಾಯ ಇತ್ತು. ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ ಇರುವ ಈಗಿನ ವೃತ್ತ 1950ರ ಜನವರಿ 26ರಿಂದ ಬಂತು. ಒಂದು ಬಣ್ಣದ ಮೇಲೆ ಪೈಲಟ್‌ನ ಜೀವ ನಿಂತಿರುತ್ತದೆ. ಉತ್ತರಪತ್ರಿಕೆಯಲ್ಲಿ 'ಮೀಟರ್' ಬರೆಯುವ ಕಡೆ 'ಕಿಲೋಗ್ರಾಂ' ಬರೆದರೆ ಹೇಗೋ, ತಪ್ಪು ಗುರುತು ಬರೆದ ವಿಮಾನವೂ ಹಾಗೆಯೇ.

ಈಗ ಲೆಕ್ಕಕ್ಕೆ ಬರೋಣ. ನೀವು ಯಾವ ವಿಮಾನ ಮಾಡ್ತೀರಿ? ನಾನು ಒಂದು ಹೆಸರು ಹೇಳ್ತೇನೆ: ಎಚ್‌ಟಿ-2. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1951ರಲ್ಲಿ ಮೊದಲ ಸಲ ಹಾರಿದ ತರಬೇತಿ ವಿಮಾನ. ಅದರ ವಿನ್ಯಾಸದ ಮುಂದಾಳು ಡಾ. ವಿಷ್ಣು ಮಾಧವ ಘಾಟಗೆ. ಅವರು 1908ರಲ್ಲಿ ಹುಟ್ಟಿದ್ದು ನಮ್ಮ ಕೊಲ್ಲಾಪುರ ಜಿಲ್ಲೆಯಲ್ಲೇ, ಗಡಹಿಂಗ್ಲಜದ ಹತ್ತಿರದ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಕಲಿತು ಬಂದವರು. ಪುಷ್ಪಕ್, ಕಿರಣ್ ವಿಮಾನಗಳ ಹಿಂದೆಯೂ ಅವರಿದ್ದರು. "ವಿಮಾನ ಅಂದ್ರ ಪೇಟೆ ಮಂದಿ ಕೆಲಸ" ಅನ್ನುವವರಿಗೆ ಈ ಹಳ್ಳಿಯ ಹೆಸರು ಹೇಳಿರಿ.

ಎಚ್‌ಟಿ-2ರ ರೆಕ್ಕೆಯ ಅಗಲ 10.72 ಮೀಟರ್, ಉದ್ದ 7.53 ಮೀಟರ್. 1:25ರ ಪ್ರಮಾಣದಲ್ಲಿ ಮಾಡಿದರೆ ರೆಕ್ಕೆ ಸುಮಾರು 43 ಸೆಂ.ಮೀ., ಉದ್ದ ಸುಮಾರು 30 ಸೆಂ.ಮೀ. ಟೇಬಲ್ಲಿನ ಮೇಲೆ ಚೆಂದ ಕೂಡುತ್ತದೆ. ಅದು ವಾಯುಪಡೆಯಲ್ಲೂ ಹಾರಿದೆ, ನಾಗರಿಕ ನೋಂದಣಿಯಲ್ಲೂ ಹಾರಿದೆ. ನೀವು ಒಂದನ್ನು ಆರಿಸಿಕೊಳ್ಳಬೇಕು. ನಾಗರಿಕ ವಿಮಾನ ಅಂತ ಇಟ್ಟುಕೊಳ್ಳೋಣ.

ನಾಗರಿಕ ವಿಮಾನದ ಅಕ್ಷರಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ಮೈಮೇಲಿನ ಅಕ್ಷರದ ಎತ್ತರ ಕನಿಷ್ಠ 30 ಸೆಂ.ಮೀ. ಎಡ ರೆಕ್ಕೆಯ ಕೆಳಗಡೆ ಕನಿಷ್ಠ 50 ಸೆಂ.ಮೀ. ರೆಕ್ಕೆಯ ಕೆಳಗೆ ಯಾಕೆ ಅಂತೀರಾ? ನೆಲದ ಮೇಲೆ ನಿಂತವರು ತಲೆ ಎತ್ತಿ ಓದಬೇಕಲ್ಲ! ಅಕ್ಷರದ ಅಗಲ ಎತ್ತರದ ಮೂರರಲ್ಲಿ ಎರಡು ಪಾಲು. ಗೆರೆಯ ದಪ್ಪ ಎತ್ತರದ ಆರರಲ್ಲಿ ಒಂದು ಪಾಲು. ಎರಡು ಅಕ್ಷರದ ನಡುವೆ ಕನಿಷ್ಠ ಅಗಲದ ನಾಲ್ಕರಲ್ಲಿ ಒಂದು ಪಾಲು ಜಾಗ.

ಈ ನಿಯಮವನ್ನು ಚೌಕದ ಕಾಗದದ ಮೇಲೆ ಇಟ್ಟು ನೋಡಿರಿ. ಎತ್ತರ 6 ಚೌಕ, ಅಗಲ 4 ಚೌಕ, ಗೆರೆ 1 ಚೌಕ, ನಡುವಿನ ಜಾಗ 1 ಚೌಕ. ಎಷ್ಟು ಸರಳ! ಗ್ರಾಫ್ ಕಾಗದದಲ್ಲಿ 2 ಮಿ.ಮೀ. ಚೌಕ ತೆಗೆದುಕೊಂಡರೆ ಎತ್ತರ 12 ಮಿ.ಮೀ. ಅದನ್ನು 25ರಿಂದ ಗುಣಿಸಿದರೆ ಸರಿಯಾಗಿ 300 ಮಿ.ಮೀ., ಅಂದರೆ 30 ಸೆಂ.ಮೀ. ಐದು ಅಕ್ಷರ, ಒಂದು ಅಡ್ಡಗೆರೆ (ಅದಕ್ಕೂ 4 ಚೌಕ), ನಡುವೆ ಐದು ಜಾಗ: ಒಟ್ಟು 29 ಚೌಕ, ಅಂದರೆ 5.8 ಸೆಂ.ಮೀ. ಬರೆಯುವ ಮೊದಲೇ ಎಷ್ಟು ಜಾಗ ಬೇಕು ಅಂತ ಗೊತ್ತಾಯಿತು. ನಮ್ಮ ಹುಡುಗನ ಕೊನೆಯ ಅಕ್ಷರ ಬಾಲದ ಹತ್ತಿರ ಜಾಗ ಸಾಲದೆ ಸಣ್ಣ ಆಗಿತ್ತು. ಈ ಒಂದು ಗುಣಾಕಾರ ಮಾಡಿದ್ದರೆ ಹಾಗೆ ಆಗುತ್ತಿರಲಿಲ್ಲ. ಸ್ಟಿಕ್ಕರ್ ತಂದಿದ್ದರೆ ಈ ಗುಣಾಕಾರ ಬೇಕೇ ಇರಲಿಲ್ಲ, ಕಲಿಯುವುದೂ ಇರಲಿಲ್ಲ.

ಹಚ್ಚುವುದು ಹೇಗೆ? ಎರಡು ದಾರಿ ಹೇಳ್ತೇನೆ.

ಒಂದು, ಅಚ್ಚು. ಹಳೆಯ ಎಕ್ಸ್-ರೇ ಫಿಲ್ಮಿನಲ್ಲಿ ಅಕ್ಷರ ಕತ್ತರಿಸಿ, ಸ್ಪಂಜಿಗೆ ಬಣ್ಣ ತಾಗಿಸಿ, ಅದನ್ನು ರದ್ದಿ ಕಾಗದದ ಮೇಲೆ ಒತ್ತಿ ಒಣಗಿದಂತೆ ಮಾಡಿ, ಆಮೇಲೆ ಮೆಲ್ಲಗೆ ತಟ್ಟಿರಿ. ಬಣ್ಣ ನೀರಾಗಿದ್ದರೆ ಫಿಲ್ಮಿನ ಕೆಳಗಿನ ಸಣ್ಣ ಸಂದಿಯಲ್ಲಿ ತಾನೇ ಹರಿದು ಹೋಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂಥ ಲೋಮನಾಳ ಕ್ರಿಯೆಯೇ ಇದು. ಇಂಗ್ಲಿಷಿನ 'ಎ', 'ಡಿ', 'ಓ' ಅಕ್ಷರ ಕತ್ತರಿಸಿದರೆ ನಡುವಿನ ತುಣುಕು ಉದುರಿ ಬೀಳುತ್ತದೆ. ಕನ್ನಡದ 'ಠ', ಸೊನ್ನೆಯದ್ದೂ ಅದೇ ಕಥೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆ ಬಿಡಬೇಕು. ಇಚಲಕರಂಜಿಯ ಲಾರಿ, ಡಬ್ಬಿ, ಮೂಟೆಗಳ ಮೇಲೆ ಅಚ್ಚಿನ ಅಕ್ಷರ ನೋಡಿರಿ, ಸೇತುವೆ ಕಾಣುತ್ತದೆ.

ಇನ್ನೊಂದು, ಝೆರಾಕ್ಸ್. ಬರೆದ ಅಕ್ಷರವನ್ನು ಝೆರಾಕ್ಸ್ ಮಾಡಿಸಿ, ಅದರ ಮೇಲೆ ಅಗಲದ ಪಾರದರ್ಶಕ ಟೇಪ್ ಅಂಟಿಸಿ, ಉಗುರಿನಿಂದ ಚೆನ್ನಾಗಿ ತಿಕ್ಕಿ, ಹತ್ತು ನಿಮಿಷ ನೀರಿನಲ್ಲಿಡಿ. ಹಿಂದಿನ ಕಾಗದವನ್ನು ಬೆರಳಿನಿಂದ ಉಜ್ಜಿದರೆ ಅದು ಹಿಟ್ಟಿನಂತೆ ಬಿಟ್ಟುಹೋಗುತ್ತದೆ, ಕರಿ ಅಕ್ಷರ ಟೇಪಿನಲ್ಲೇ ಉಳಿಯುತ್ತದೆ. ಯಾಕಂದರೆ ಝೆರಾಕ್ಸಿನ ಕರಿ ಪುಡಿಯಲ್ಲಿ ಪ್ಲಾಸ್ಟಿಕ್ ಇರುತ್ತದೆ. ಯಂತ್ರದ ಬಿಸಿಗೆ ಕರಗಿ ಅಂಟಿರುತ್ತದೆ. ನೀರಿಗೆ ಕಾಗದದ ನಾರು ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಆಗುವುದಿಲ್ಲ. ಇಂಕ್‌ಜೆಟ್ ಪ್ರಿಂಟಿನಲ್ಲಿ ಇದನ್ನು ಮಾಡಬೇಡಿರಿ, ಅದರ ಶಾಯಿ ನೀರಿನಲ್ಲಿ ತೊಳೆದು ಹೋಗುತ್ತದೆ.

ಸ್ಪ್ರೇ ಡಬ್ಬಿ ಮಾತ್ರ ಥರ್ಮಾಕೋಲಿನ ಹತ್ತಿರ ತರಬೇಡಿರಿ. ನಾನು ಒಮ್ಮೆ ಬೈಕಿಗೆ ಹೊಡೆಯುವ ಸ್ಪ್ರೇ ಹೊಡೆದು, ರೆಕ್ಕೆಯೆಲ್ಲ ಗೆದ್ದಲು ತಿಂದಂಗ ಆಗಿ, ಇಡೀ ತರಗತಿ ನಕ್ಕಿತ್ತು. ಆ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ.

ನಿಮ್ಮ ಮಾದರಿ ಹಾರುವಂಥದ್ದಾದರೆ ತೂಕವನ್ನೂ ನೋಡಬೇಕು. ಬಾಲದ ಎರಡೂ ಬದಿಗೆ 3 ಸೆಂ.ಮೀ. x 4 ಸೆಂ.ಮೀ. ಅಳತೆಯ ಪಟ್ಟಿ ಅಂಟಿಸಿದಿರಿ ಅಂತ ಇಟ್ಟುಕೊಳ್ಳಿ. ಒಟ್ಟು 24 ಚದರ ಸೆಂ.ಮೀ. ಪ್ರತಿ ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ ಕಾಗದವಾದರೆ 0.48 ಗ್ರಾಂ. "ಅರ್ಧ ಗ್ರಾಂ ಏನ್ ಮಹಾ, ಸರ?" ಅನ್ನಬೇಡಿರಿ. ಬಾಲ ಗುರುತ್ವ ಕೇಂದ್ರದಿಂದ 20 ಸೆಂ.ಮೀ. ಹಿಂದಿದೆ, ಮೂಗು 8 ಸೆಂ.ಮೀ. ಮುಂದಿದೆ. ಸನ್ನೆಯ ನಿಯಮ ಹಾಕಿರಿ: 0.48 x 20 = 9.6. ಅದನ್ನು 8ರಿಂದ ಭಾಗಿಸಿದರೆ 1.2 ಗ್ರಾಂ. ಅಷ್ಟು ತೂಕ ಮೂಗಿಗೆ ಸೇರಿಸದಿದ್ದರೆ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು, ದಬಕ್ಕನೆ ಬೀಳುತ್ತದೆ. ಅದೇ ಗುರುತನ್ನು 80 ಗ್ರಾಮಿನ ಝೆರಾಕ್ಸ್ ಕಾಗದದಲ್ಲಿ ಮಾಡಿದರೆ ಬಾಲದ ತೂಕ 0.2 ಗ್ರಾಂ ಕೂಡ ಆಗುವುದಿಲ್ಲ. ಸ್ಪಂಜಿನಿಂದ ತಟ್ಟಿದ ಬಣ್ಣ ಇನ್ನೂ ಹಗುರ.

ಇನ್ನೊಂದು ಮಾತು, ನಮ್ಮ ಭಾಷೆಯದ್ದು. ಕಿಟ್‌ನ ಸ್ಟಿಕ್ಕರ್ ಹಾಳೆಯಲ್ಲಿ ಕನ್ನಡ ಇರುವುದಿಲ್ಲ. ಹಾಗಾಗಿ ಕೆಲವರಿಗೆ ಮನಸ್ಸಿನಲ್ಲೇ ಕೂತುಬಿಟ್ಟಿದೆ: ಇಂಗ್ಲಿಷ್ ಅಕ್ಷರ ಇದ್ದರೆ ವಿಜ್ಞಾನ, ಕನ್ನಡ ಇದ್ದರೆ ಹಳ್ಳಿ ಆಟ. ಗಡಿಯ ಈ ಕಡೆ ಕನ್ನಡ ಶಾಲೆಯಲ್ಲಿ ಓದುವ ನಿಮಗೆ ಈ ಮಾತು ಬಹಳ ಸಲ ಕಿವಿಗೆ ಬಿದ್ದಿರುತ್ತದೆ. ನೋಂದಣಿ ಅಕ್ಷರ ರೋಮನ್ ಲಿಪಿಯಲ್ಲೇ ಇರಬೇಕು, ಅದು ಜಗತ್ತಿನ ನಿಯಮ, ಪಾಲಿಸೋಣ. ಆದರೆ ವಿಮಾನಕ್ಕೆ ಹೆಸರಿಡುವುದಕ್ಕೆ ನಿಯಮದ ಅಡ್ಡಿ ಇಲ್ಲ. ಏರ್ ಇಂಡಿಯಾ 1971ರಲ್ಲಿ ತಂದ ತನ್ನ ಮೊದಲ ಜಂಬೋ ವಿಮಾನಕ್ಕೆ ಸಾಮ್ರಾಟ ಅಶೋಕನ ಹೆಸರಿಟ್ಟಿತ್ತು. ನೀವೂ ನಿಮ್ಮ ಎಚ್‌ಟಿ-2ರ ಮೂಗಿನ ಹತ್ತಿರ, ಅದೇ ಚೌಕದ ಅಳತೆ ಹಿಡಿದು, ಕನ್ನಡದಲ್ಲಿ 'ಹಸೂರಚಂಪು' ಅಂತ ಬರೆಯಿರಿ. ಯಾರಾದರೂ ಏನದು ಅಂತ ಕೇಳಿಯೇ ಕೇಳುತ್ತಾರೆ. ಆಗ ಘಾಟಗೆಯವರ ಕಥೆ ಹೇಳಿರಿ.

ಈಗ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ. ತಮ್ಮಾ, ಸ್ಟಿಕ್ಕರ್ ಹಚ್ಚಿದ್ದರೆ ಬಹುಶಃ ನಂಬರ್ ಬರ್ತಿತ್ತು. ಸುಳ್ಳು ಯಾಕ ಹೇಳ್ಲಿ? ಆದರೆ ನಿರ್ಣಾಯಕರು, "ಈ ಅಕ್ಷರ ಇಷ್ಟೇ ಎತ್ತರ ಯಾಕೆ? ಎಡ ರೆಕ್ಕೆಯ ಕೆಳಗೆ ಯಾಕೆ? ಈ ವೃತ್ತ ಇಲ್ಲಿ ಯಾಕಿಲ್ಲ?" ಅಂತ ಕೇಳಿದ್ದರೆ ಕಿಟ್ ತಂದವನ ಹತ್ತಿರ ಉತ್ತರ ಇರ್ತಿರಲಿಲ್ಲ. ಅವತ್ತು ನಿನ್ನ ಹತ್ತಿರವೂ ಇರಲಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಈ ಸಲ ಗ್ರಾಫ್ ಕಾಗದ ತಗೊಂಡು ಬಾ. ಅಳತೆ ಬರೆದ ಆ ಕಾಗದವನ್ನೂ ವಿಮಾನದ ಪಕ್ಕದಲ್ಲೇ ಟೇಬಲ್ಲಿನ ಮೇಲೆ ಇಡೋಣ. ನಿರ್ಣಾಯಕರು ಕೇಳದಿದ್ದರೂ ಕಣ್ಣಿಗೆ ಬೀಳಲಿ.