ಬಣ್ಣದ ಪೆನ್ಸಿಲು: ಅಗ್ಗದ್ದೋ, ತುಟ್ಟಿಯದೋ?

ಬಣ್ಣ ತುಂಬುವುದು ಮಕ್ಕಳಿಗೆ ಮಾತ್ರ ಸೇರಿದ ಕೆಲಸವೆಂದು ತಿಳಿಯುವ ಕಾಲ ಹಿಂದಾಯಿತು. ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯ ವಾಶಿ, ನೆರೂಳಗಳಲ್ಲಿ, ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ನಿವೃತ್ತರಾದ ಮಾವನವರೂ ಮಧ್ಯಾಹ್ನ ಬಿಡುವಾದ ಸೊಸೆಯೂ ಚಿತ್ರದ ಪುಸ್ತಕ ತೆರೆದು ಕುಳಿತಿರುವುದನ್ನು ಕಾಣುತ್ತೇವೆ. ಇವರೆಲ್ಲ ಒಂದಿಲ್ಲೊಂದು ದಿನ ಅಂಗಡಿಯ ಗಾಜಿನ ಮುಂದೆ ನಿಂತು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನೋಡಲು ಒಂದೇ ತೆರನಾದ ಎರಡು ಪೆನ್ಸಿಲುಗಳಲ್ಲಿ ಒಂದಕ್ಕೆ ಇನ್ನೊಂದರ ಇಡೀ ಡಬ್ಬಿಯ ಬೆಲೆ ಏಕೆ?

ಕಾರಣ ಒಳಗಿನ ಕಡ್ಡಿಯಲ್ಲಿದೆ. ಬರೆಯುವ ಪೆನ್ಸಿಲಿನ ಕಡ್ಡಿ ಗ್ರಾಫೈಟು ಮತ್ತು ಜೇಡಿಯದು. ಅದನ್ನು ಕುಲುಮೆಯಲ್ಲಿ ಸುಡುತ್ತಾರೆ. ಬಣ್ಣದ ಕಡ್ಡಿಯನ್ನು ಹಾಗೆ ಸುಡುವಂತಿಲ್ಲ, ಸುಟ್ಟರೆ ಬಣ್ಣವೇ ಕೆಟ್ಟುಹೋಗುತ್ತದೆ. ಬಣ್ಣದ ಪುಡಿ, ಮೇಣ ಅಥವಾ ಎಣ್ಣೆ, ಒಂದಿಷ್ಟು ಅಂಟು, ಬಿಳಿಯ ಜೇಡಿ ಇವನ್ನೆಲ್ಲ ಕಲಸಿ, ಶಾವಿಗೆಯಂತೆ ಒತ್ತಿ ಒಣಗಿಸಿದರೆ ಅದು ಸಿದ್ಧವಾಯಿತು. ಅಗ್ಗದ್ದರಲ್ಲಿ ಜೇಡಿ ಹೆಚ್ಚು, ಬಣ್ಣ ಕಡಮೆ. ಹಾಲಿಗೆ ನೀರು ಬೆರೆಸಿದ ಲೆಕ್ಕವೆಂದು ಕೆಲವರು ಹೇಳುವುದುಂಟು. ಆ ಮಾತು ಅನ್ಯಾಯದ್ದು. ವಾರಕ್ಕೊಂದು ಕಡ್ಡಿ ಕಳೆಯುವ, ಉಳಿದವನ್ನು ಗೋಡೆಯ ಮೇಲೆ ಸವೆಸುವ ಮಗುವಿಗೆ ಗಟ್ಟಿಯಾದ, ಬೇಗ ಮುರಿಯದ, ಅಪ್ಪನ ಜೇಬಿಗೆ ಒಗ್ಗುವ ಪೆನ್ಸಿಲೇ ಬೇಕು.

ಅಂಥದ್ದನ್ನು ಮಾಡುವವರು ನಮ್ಮ ಸುತ್ತಲೇ ಇದ್ದಾರೆ. 1931ರಲ್ಲಿ ಮುಂಬಯಿಯಲ್ಲಿ ಮಸಿಯ ಪುಡಿಯಿಂದ ಆರಂಭವಾದ ದಾಂಡೇಕರರ ಕ್ಯಾಮ್ಲಿನ್ 2011ರಲ್ಲಿ ಜಪಾನಿನ ಕೊಕುಯೋ ಕೈಗೆ ಬಂತು. ನಟರಾಜ, ಅಪ್ಸರಾಗಳ ಹಿಂದುಸ್ಥಾನ್ ಪೆನ್ಸಿಲ್ಸ್ 1958ರದು. ಡೋಮ್ಸ್ ಇರುವುದು ಗುಜರಾತದ ಗಡಿ ದಾಟಿದೊಡನೆ ಸಿಗುವ ಉಮರಗಾಂವದಲ್ಲಿ. ಕಲಾವಿದರ ದರ್ಜೆಯವು ಮಾತ್ರ ಬಹುಪಾಲು ಸಮುದ್ರ ದಾಟಿ ಬರುತ್ತವೆ: ಜರ್ಮನಿಯ ಫೇಬರ್-ಕ್ಯಾಸ್ಟೆಲ್ ಸಂಸ್ಥೆ 1908ರಿಂದ ಮಾಡುತ್ತಿರುವ ಪಾಲಿಕ್ರೋಮೋಸ್ (ಈಗ 120 ಬಣ್ಣ), ಜಿನೀವಾದ ಕರಾನ್ ದಾಶ್, ಇಂಗ್ಲೆಂಡಿನ ಡರ್ವೆಂಟ್, ಅಮೆರಿಕದ ಪ್ರಿಸ್ಮಾಕಲರ್.

ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ಈ ಮಾತು ರುಚಿಸಲಿಲ್ಲ. “ಉಡುಪಿಯ ಕಡೆಯ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರು ಬರಿಯ ಗೆರೆಯಲ್ಲಿ ನಾಟ್ಯ ಕುಣಿಸಿದರು, ನಿಮಗೆ ನೂರಿಪ್ಪತ್ತು ಬಣ್ಣವೇ?” ಎಂದರು. ಒಪ್ಪೋಣ. ಆದರೆ ಹೆಬ್ಬಾರರ ಕೈ ನಮಗಿಲ್ಲವಾದ್ದರಿಂದಲೇ ಪೆನ್ಸಿಲಿನ ಗುಣ ನೋಡಬೇಕಾಗಿದೆ.

ನಮ್ಮ ತಾಯಿಯವರ ಸಂಗತಿಯನ್ನೇ ನೋಡಿರಿ. ತಂದೆಯವರು ತೀರಿಕೊಂಡ ಮೇಲೆ ಗದುಗಿನ ಮನೆ ಮಾರಾಟವಾಗಿ ಅವರು ಡೊಂಬಿವಲಿಗೆ ಬಂದರು. ಅಂಗಳ ತುಂಬ ರಂಗೋಲಿ ಹಾಕುತ್ತಿದ್ದ ಕೈಗೆ ಮೂರನೆಯ ಮಹಡಿಯ ಹೊಸ್ತಿಲು ಮಾತ್ರ ಉಳಿಯಿತು. ಮೊಮ್ಮಗಳ ಶಾಲೆಯ ಪೆನ್ಸಿಲುಗಳನ್ನು ತೆಗೆದುಕೊಂಡು, ಅವಳಿಂದ ಗೆರೆ ಹಾಕಿಸಿ, ಗದುಗಿನ ಹಿತ್ತಲನ್ನು ನೆನಪಿನಿಂದಲೇ ತುಂಬಿದರು: ಬಾವಿಯ ಕಟ್ಟೆ, ಗುಲಾಬಿ ದಾಸವಾಳ, ನೇರಳೆ ಹೂವಿನ ಬದನೆಯ ಮಡಿ. ಆ ಹಿತ್ತಲಿನ ಫೋಟೋ ಒಂದೂ ಇಲ್ಲ. ಚಿತ್ರಕ್ಕೆ ಕಟ್ಟು ಹಾಕಿಸಿ ಪಡುವಣ ಕಿಟಕಿಯ ಎದುರಿಗೆ ತೂಗುಹಾಕಿದೆವು. ಒಂದು ಬೇಸಗೆ ಕಳೆಯಿತು. “ತಮ್ಮಾ, ದಾಸಾಳ ಎಲ್ಲಿ ಹೋತೋ?” ಎಂದರು ಅವ್ವ. ಬಾವಿಯ ಕಟ್ಟೆ ಇದ್ದಂತೆಯೇ ಇತ್ತು; ಹೂಗಳಿದ್ದಲ್ಲಿ ಬರಿಯ ಕಾಗದ ಕಾಣುತ್ತಿತ್ತು.

ಬಣ್ಣಗಳೆಲ್ಲ ಬಿಸಿಲಿಗೆ ಒಂದೇ ಸಮನಾಗಿ ತಾಳುವುದಿಲ್ಲ. ಮಣ್ಣಿನ ಕಂದು, ಕಾವಿ, ಕಪ್ಪು ಬಲು ಗಟ್ಟಿ. ಗುಲಾಬಿ, ನೇರಳೆ ಬಲು ನಾಜೂಕು. ಉತ್ತಮ ತಯಾರಕರು ಇದನ್ನು ಪರೀಕ್ಷಿಸಿ ಪ್ರಕಟಿಸುತ್ತಾರೆ. ಪಾಲಿಕ್ರೋಮೋಸಿನ ಪ್ರತಿಯೊಂದು ಪೆನ್ಸಿಲಿನ ಮೇಲೂ ನಕ್ಷತ್ರದ ಗುರುತುಂಟು. ನಕ್ಷತ್ರ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಶಾಲೆಯ ಡಬ್ಬಿಯ ಮೇಲೆ ಇಂಥ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಕಂಪನಿ ಎರಡೂ ದರ್ಜೆಯವನ್ನು ಮಾಡುವುದರಿಂದ ಡಬ್ಬಿಯ ಮೇಲಿನ ಹೆಸರು ನೋಡಿ ಮರುಳಾಗಬೇಡಿರಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಪಟ್ಟಿ ಕಾಗದದ ಮೇಲೆ ಇರುವ ಬಣ್ಣವನ್ನೆಲ್ಲ ಬಳಿದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಕಿಟಕಿಗೆ ಅಂಟಿಸಿರಿ. ನಾವು ಶಿವರಾತ್ರಿಗೆ ಅಂಟಿಸಿದ್ದನ್ನು ಅಕ್ಷಯ ತೃತೀಯಕ್ಕೆ ತೆಗೆದೆವು. ಶಾಲೆಯ ಡಬ್ಬಿಯ ಹನ್ನೆರಡರಲ್ಲಿ ಗುಲಾಬಿ, ನೇರಳೆ, ಕಿತ್ತಳೆ ಸೋತವು. ಉಳಿದ ಒಂಬತ್ತಕ್ಕೆ ಹೇಳಿಕೊಳ್ಳುವಂಥ ಕುಂದು ಬರಲಿಲ್ಲ.

ಈ ಲೆಕ್ಕ ತಿಳಿದ ಮೇಲೆ ಪೂರ್ತಿ ಡಬ್ಬಿಯ ಚಿಂತೆ ನಮಗೆ ತಪ್ಪಿತು. ಕಲಾವಿದರ ಪೆನ್ಸಿಲುಗಳು ದೊಡ್ಡ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಸಂಬಳದ ಮರುದಿನ ಆರು ಕಡ್ಡಿ ತಂದೆವು: ಎರಡು ಗುಲಾಬಿ, ಎರಡು ನೇರಳೆ, ಒಂದು ಕಿತ್ತಳೆ, ಮತ್ತು ಅವ್ವನವರೇ ಹಟ ಹಿಡಿದ ಒಂದು ಎಲೆಹಸಿರು. ಆರಕ್ಕೂ ತಿಂಗಳ ರೈಲು ಪಾಸಿಗಿಂತ ಹೆಚ್ಚೇ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ಲಾಭ ಕಂಡಿತು. ಅಗ್ಗದ ಕಡ್ಡಿಯಲ್ಲಿ ಬಣ್ಣ ಏರಬೇಕಾದರೆ ಒತ್ತಬೇಕು, ಒತ್ತಿದರೆ ಅವ್ವನವರ ಬೆರಳ ಗಂಟುಗಳು ನೋಯುತ್ತವೆ. ಇವು ಸುಮ್ಮನೆ ಸವರಿದರೂ ಬಣ್ಣ ಬಿಡುತ್ತವೆ. ಸಂಧಿವಾತದವರು ಮನೆಯಲ್ಲಿದ್ದರೆ ಬಾಳಿಕೆಗಿಂತ ಇದನ್ನೇ ಮೊದಲು ಗಮನಿಸಬೇಕೆಂದು ನಮ್ಮ ಅಭಿಪ್ರಾಯ.

ಕೊಳ್ಳುವಾಗ ಚೆಕ್ಕದ ತುದಿಯನ್ನು ನೋಡಿರಿ. ಕಡ್ಡಿ ಮರದ ನಡುಮಧ್ಯದಲ್ಲಿರಬೇಕು. ಓರೆಯಾಗಿದ್ದರೆ ಮೆಂಡರಿನಲ್ಲಿ ಮುರಿಯುತ್ತಲೇ ಇರುತ್ತದೆ. ತುಟ್ಟಿಯದು ನೆಲಕ್ಕೆ ಬಿದ್ದರೂ ಒಳಗೊಳಗೇ ತುಂಡಾಗುವುದುಂಟು, ಆದ್ದರಿಂದ ಸಂಜೆಯ ಕಲ್ಯಾಣ ಲೋಕಲಿನಲ್ಲಿ ತರುವವರು ಚೀಲವನ್ನು ಎದೆಗವಚಿಕೊಂಡು ತರತಕ್ಕದ್ದು. ಮೇಣದ ಕಡ್ಡಿಯಿಂದ ದಪ್ಪಗೆ ಬಳಿದರೆ ಕೆಲವು ದಿನಗಳಲ್ಲಿ ಮೇಲೆ ಬಿಳಿಯ ಮಂಜು ಕಟ್ಟಿದಂತಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ. ಎಣ್ಣೆಯ ಕಡ್ಡಿಗೆ ಆ ತೊಂದರೆ ಕಡಮೆ.

ಕಾಗದವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನುಣುಪಾದ ಹಾಳೆಯ ಮೇಲೆ ಎಂಥ ಪೆನ್ಸಿಲೂ ಜಾರುತ್ತದೆ. ತುಸು ತರಿತರಿಯಾದ ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಶಾಲೆಯ ಪೆನ್ಸಿಲು ಕೂಡ ಎರಡು ಮೆಟ್ಟಿಲು ಮೇಲೇರುತ್ತದೆ. ನೂರು ರೂಪಾಯಿ ಮಾತ್ರ ಕೈಯಲ್ಲಿದ್ದವರು ಅದನ್ನು ಕಾಗದಕ್ಕೇ ಹಾಕಲಿ.

ಅವ್ವ ಈಗ ಹಿತ್ತಲನ್ನು ಎರಡನೆಯ ಸಲ ತುಂಬುತ್ತಿದ್ದಾರೆ. ದಾಸವಾಳ ಮುಗಿದಿದೆ, ಬದನೆಯ ಮಡಿ ಅರ್ಧವಾಗಿದೆ. ಬಾವಿಯ ಕಟ್ಟೆಗೆ ಮೊಮ್ಮಗಳ ಹಳೆಯ ಕಂದು ಪೆನ್ಸಿಲೇ ಸಾಕಂತೆ. ಮೊಳೆಯನ್ನು ನಾವು ಈ ಸಲ ಮೂಡಣ ಗೋಡೆ ಬಿಟ್ಟು, ಬಿಸಿಲು ಬೀಳದ ಒಳಕೋಣೆಯಲ್ಲಿ ಹೊಡೆದಿದ್ದೇವೆ.