ಹೊಲಕ್ಕೂ ಘಾಟಿಗೂ ಒಂದೇ ಹೆಲ್ಮೆಟ್ಟು

ತಾಳವಾಡಿ ಸೀಮೆಯ ರೈತನ ಬೈಕು ಒಂದೇ ದಿನದಲ್ಲಿ ಎರಡು ಬಗೆಯ ದಾರಿ ತುಳಿಯುತ್ತದೆ. ಬೆಳಗ್ಗೆ ಹೊಲದ ಗಾಡಿಜಾಡು, ಕಲ್ಲು, ಕೆಸರು. ಮಧ್ಯಾಹ್ನ ಚಾಮರಾಜನಗರದ ಡಾಂಬರು ರಸ್ತೆ, ಇಲ್ಲವೆ ದಿಂಬಂ ಘಾಟಿಯ 27 ತಿರುವುಗಳು. ಎರಡಕ್ಕೂ ಒಗ್ಗುವ ಹೆಲ್ಮೆಟ್ಟು ಯಾವುದು?

ತಲೆಯ ಮೇಲೆ ಬೋಗುಣಿ ಕವುಚಿದಂತಿರುವ ಅರೆ ಹೆಲ್ಮೆಟ್ಟು ಅಗ್ಗ, ಹಗುರ. ಆದರೆ ದವಡೆ, ಗದ್ದಗಳನ್ನು ಕಾಯುವುದಿಲ್ಲ. ಗದ್ದದ ಭಾಗ ಮುಂದಕ್ಕೆ ಚಾಚಿ, ಹಣೆಯ ಮೇಲೆ ನೆರಳುಪಟ್ಟಿ ಇರುವಂಥದು ಮಣ್ಣುದಾರಿಯ ಸವಾರರಿಗಾಗಿ ಮಾಡಿದ್ದು. ಅದು ಬಿಸಿಲನ್ನೂ ಸಿಡಿಯುವ ಕೆಸರನ್ನೂ ತಡೆಯುತ್ತದೆ, ಉಸಿರಾಟಕ್ಕೆ ಸಲೀಸು. ಆದರೆ ಹೆದ್ದಾರಿಯ ವೇಗದಲ್ಲಿ ಗಾಳಿ ಆ ಪಟ್ಟಿಗೆ ಬಡಿದು ಕತ್ತನ್ನು ಎಳೆಯುತ್ತದೆ. ಪಟ್ಟಿ ಬಿಚ್ಚಿಡಬಹುದಾದ ಬೆರಕೆ ಜಾತಿಯೂ ಉಂಟು, ಬೆಲೆ ಹೆಚ್ಚು. ಮುಖವನ್ನೆಲ್ಲ ಮುಚ್ಚುವ, ಗಾಳಿಕಂಡಿಗಳಿರುವ, ಮುಂದಿನ ಬಿಳಿ ಗ್ಲಾಸು ಎತ್ತಿಳಿಸಬಹುದಾದ ಸಾದಾ ಹೆಲ್ಮೆಟ್ಟೇ ನಮ್ಮ ಸೀಮೆಗೆ ಮೇಲೆಂಬುದು ನಮ್ಮ ಅಭಿಪ್ರಾಯ.

ಸೆಕೆಯಾಗುತ್ತದೆ, ಆನೆಯ ಸದ್ದು ಕೇಳದು ಎಂದು ಹೊಲದ ದಾರಿಯಲ್ಲಿ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಡುವವರುಂಟು. ಈ ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಅದಕ್ಕೆ ಉಪಾಯ ಗ್ಲಾಸೆತ್ತಿ ನಿಧಾನವಾಗಿ ಹೋಗುವುದು. ತಲೆಯನ್ನು ಬರಿದು ಮಾಡುವುದಲ್ಲ. ಕಲ್ಲಿಗೆ ಬಡಿದ ತಲೆಗೆ ಹೊಲವೇನು, ಹೆದ್ದಾರಿಯೇನು?

ಕೊಳ್ಳುವಾಗ ಬಣ್ಣ ನೋಡಬೇಡಿ, ಐ.ಎಸ್. 4151 ಎಂಬ ಅಂಕೆಯೊಡನೆ ಐ.ಎಸ್.ಐ. ಗುರುತು ನೋಡಿ. 2021ರ ಜೂನ್ 1ರಿಂದ ಈ ಗುರುತು ಕಡ್ಡಾಯ. ಹಾಕಿಕೊಂಡಾಗ ಕೆನ್ನೆಗಳನ್ನು ಒತ್ತಿ ಹಿಡಿಯಬೇಕು. ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ಅಲ್ಲಾಡಬಾರದು. ಗದ್ದದ ಪಟ್ಟಿ ಬಿಗಿಯದಿದ್ದರೆ ಬೀಳುವ ಮೊದಲೇ ಹೆಲ್ಮೆಟ್ಟು ಹಾರಿಹೋದೀತು. ಒಳಗಿನ ಥರ್ಮಾಕೋಲು ತಾನು ಕುಸಿದು ಪೆಟ್ಟನ್ನು ನುಂಗುತ್ತದೆ. ಒಮ್ಮೆ ಕುಸಿದದ್ದು ಮತ್ತೆ ಮೊದಲಿನಂತಾಗದು. ಆದ್ದರಿಂದ ಜೋರಾಗಿ ಬಿದ್ದದ್ದನ್ನು ಬಿಸಾಡಬೇಕು, ಪರರು ಬಳಸಿದ್ದನ್ನು ಕೊಳ್ಳಬಾರದು. ಕೆಸರು ತೊಳೆಯಲು ಸೋಪಿನ ನೀರು ಸಾಕು. ಪೆಟ್ರೋಲು, ಸೀಮೆಎಣ್ಣೆ ತಗಲಿಸಬೇಡಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹಿಂದೆ ಕುಳಿತವರಿಗೂ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ಟು ಬೇಕೆನ್ನುತ್ತದೆ. ನಮ್ಮಲ್ಲಿ ಗಂಡನ ತಲೆಗೆ ಹೆಲ್ಮೆಟ್ಟು, ಹಿಂದೆ ಬುತ್ತಿಗಂಟು ಹಿಡಿದು ಕುಳಿತ ಹೆಂಡತಿಯ ತಲೆಗೆ ಸೆರಗು ಮಾತ್ರ. ಬೈಕು ಜಾರಿದರೆ ಬೀಳುವವರು ಇಬ್ಬರು. ರೈತಬಾಂಧವರು ಹೆಲ್ಮೆಟ್ಟಿನ ಅಂಗಡಿಗೆ ಹೋಗುವಾಗ ಮನೆಯವರನ್ನೂ ಕರೆದೊಯ್ದು, ಅವರ ತಲೆಗೂ ಸರಿಹೊಂದುವುದೊಂದನ್ನು ಅಂದೇ ಕೊಳ್ಳಲಿ.