ಆಟ ಕಲಿಸುವವರು ಯಾರು?

ಎರಡು ವರ್ಷದ ಮಗು ಊಟಕ್ಕೆ ಹಟ ಮಾಡುತ್ತದೆ. ತಾಯಿಗೆ ಕೈತುಂಬ ಕೆಲಸ. ಆಕೆ ಮೊಬೈಲ್ ಫೋನನ್ನು ಮಗುವಿನ ಮುಂದೆ ಇರಿಸುತ್ತಾಳೆ. ಮಗು ಒಡನೆಯೇ ಸುಮ್ಮನಾಗಿ, ಬಾಯಿಗಿಟ್ಟ ತುತ್ತು ಅನ್ನವೋ ರೊಟ್ಟಿಯೋ ಎಂಬುದನ್ನೂ ಅರಿಯದೆ ನುಂಗುತ್ತದೆ. ಇಂದು ಅನೇಕ ಮನೆಗಳಲ್ಲಿ ಕಾಣುವ ನೋಟವಿದು. ದುಡಿದು ದಣಿದ ತಾಯಿಯನ್ನು ಇದಕ್ಕಾಗಿ ದೂಷಿಸುವುದು ಸಲ್ಲದು. ಆದರೆ ಮಗು ಸುಮ್ಮನಾದುದು ಸಂತೋಷದಿಂದಲೋ, ಮಂಕು ಕವಿದುದರಿಂದಲೋ ಎಂದು ನಾವು ವಿಚಾರ ಮಾಡಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎಳೆಯ ಮಕ್ಕಳ ಪಾಲನೆಯ ಬಗ್ಗೆ ಕೆಲವು ಸಲಹೆಗಳನ್ನು ನೀಡಿತು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ನೋಟ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ 1 ಗಂಟೆಯನ್ನು ಮೀರಬಾರದು. ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಕತೆ ಹೇಳಬೇಕು, ಪುಸ್ತಕ ಓದಿ ಹೇಳಬೇಕು ಎಂಬುದು ಅದರ ಅಭಿಪ್ರಾಯ. ಒಳ್ಳೆಯ ಮಾತೇ ಸರಿ. ಆದರೆ ‘ಬೇಡ’ ಎಂದು ಕಸಿದುಕೊಂಡರೆ ಮಗುವಿನ ಕೈ ಬರಿದಾಗುತ್ತದೆ. ಬರಿದಾದ ಆ ಕೈಗೆ ಏನನ್ನು ಕೊಡಬೇಕು?

ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಳಗುಳಿಮಣೆಯನ್ನು ನೋಡಿರಿ. ಕರಾವಳಿಯಲ್ಲಿ ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ ಕಾಯಿ ತುಂಬಿದರೆ 56. ಒಂದು ಗುಳಿಯ ಕಾಯಿಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೊನೆಯ ಕಾಯಿ ಎಲ್ಲಿ ಬಿದ್ದೀತೆಂದು ಮೊದಲೇ ಎಣಿಸಿದವನಿಗೆ ಗೆಲುವು. ಲೆಕ್ಕಕ್ಕೆ ಅಂಜುವ ಮಗುವೂ ಇಲ್ಲಿ ಲೆಕ್ಕ ಮಾಡುತ್ತದೆ. ತಾನು ಕಲಿಯುತ್ತಿರುವೆನೆಂಬ ಅರಿವೇ ಅದಕ್ಕಿರುವುದಿಲ್ಲ.

ಚೌಕಾಬಾರಕ್ಕಂತೂ ಮಣೆಯೂ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ 25 ಮನೆಗಳು, ನಾಲ್ಕು ಕವಡೆಗಳು ಸಾಕು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲಿಗೆ ಕಲ್ಲಿನ ಮೇಲೆ ಉಜ್ಜಿಕೊಂಡರಾಯಿತು. ಇನ್ನೇನು ಹಣ್ಣಾಗಬೇಕೆನ್ನುವ ಕಾಯನ್ನು ಎದುರಾಳಿ ಕಡಿದುಬಿಡುತ್ತಾನೆ. ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ. ಆದರೂ ಅದು ಕಾಯನ್ನು ಮತ್ತೆ ಮೊದಲ ಮನೆಯಲ್ಲಿಟ್ಟು, ತನ್ನ ಸರದಿಗಾಗಿ ಕಾಯುತ್ತದೆ. ಸೋಲನ್ನು ಸಹಿಸುವುದು, ಸರದಿಗೆ ಕಾಯುವುದು, ಮೋಸವಿಲ್ಲದೆ ಆಡುವುದು: ಈ ಮೂರನ್ನೂ ಉಪದೇಶದಿಂದ ಕಲಿಸುವುದು ಕಷ್ಟ.

ಫೋನಿನಲ್ಲಿಯೂ ಆಟಗಳಿಲ್ಲವೇ, ಕಲಿಕೆಯಿಲ್ಲವೇ ಎಂದು ನೀವು ಕೇಳಬಹುದು. ಇವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಿಗೆ ಪಾಠವನ್ನು ಹೊತ್ತು ತಂದುದು ಆ ಫೋನೇ. ಅದರ ಉಪಕಾರವನ್ನು ಮರೆಯಲಾಗದು. ಆದರೆ ಬೇಸರವಾದೊಡನೆ ಪರದೆಯ ಆಟವನ್ನು ಬೆರಳಿನಿಂದ ಸರಿಸಿಬಿಡಬಹುದು. ಎದುರಿಗೆ ಕುಳಿತ ತಂಗಿಯನ್ನು ಹಾಗೆ ಸರಿಸಲಾಗದು. ಅವಳು ಮುನಿದರೆ ಒಲಿಸಿಕೊಳ್ಳಬೇಕು. ಮನುಷ್ಯರೊಡನೆ ಬಾಳುವ ವಿದ್ಯೆ ಅಲ್ಲಿಂದಲೇ ಆರಂಭವಾಗುತ್ತದೆ.

ಇನ್ನೊಂದು ಸಂಗತಿಯುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಅರಸರ ಆಟಗಳು ಹೀಗೆ ಗ್ರಂಥದಲ್ಲಿ ಉಳಿದವು. ಆದರೆ ಕುಂಟೆಬಿಲ್ಲೆಯನ್ನೂ ಚೌಕಾಬಾರವನ್ನೂ ನಮ್ಮ ಮಕ್ಕಳು ಗ್ರಂಥ ಓದಿ ಕಲಿತವರಲ್ಲ. ಹತ್ತು ವರ್ಷದ ಅಕ್ಕ ಆರು ವರ್ಷದ ತಮ್ಮನಿಗೆ ಕಲಿಸಿದಳು; ಅವನು ಬೆಳೆದು ನೆರೆಮನೆಯ ಕಿರಿಯರಿಗೆ ಕಲಿಸಿದನು. ಹಾಗೆಯೇ ಅವು ಕೈಯಿಂದ ಕೈಗೆ ದಾಟಿ ಬಂದವು. ನಡುವಿನ ಒಂದು ತಲೆಮಾರು ಕೈ ಹಿಂತೆಗೆದುಕೊಂಡರೆ ಸರಪಳಿ ಅಲ್ಲಿಗೇ ಕಡಿಯುತ್ತದೆ.

ಆ ತಲೆಮಾರು ಇಂದು ನೀವೇ. ‘ಫೋನು ಕೊಡಬೇಡಿರಿ’ ಎಂದು ಹಿರಿಯರಿಗೆ ಹೇಳುವುದರಿಂದಲೇ ನಿಮ್ಮ ಕರ್ತವ್ಯ ಮುಗಿಯಲಾರದು. ಈ ಭಾನುವಾರ ಅಜ್ಜಿಯನ್ನು ಕೇಳಿ ಒಂದು ಆಟವನ್ನು ಕಲಿಯಿರಿ. ಸಂಜೆ ಜಗಲಿಯ ಮೇಲೆ ಮನೆಗಳನ್ನು ಬರೆದು, ತಮ್ಮನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿಕೊಳ್ಳಿರಿ. ಮೊದಲ ಆಟದಲ್ಲಿ ಅವರು ಗೆದ್ದರೂ ಚಿಂತೆಯಿಲ್ಲ. ಎರಡನೆಯ ಆಟಕ್ಕೆ ಅವರೇ ನಿಮ್ಮನ್ನು ಕರೆಯುತ್ತಾರೆ.